ಹೊಸ ಕೆಫೆಯಲ್ಲಿ ಭಾನುವಾರದ ತಿಂಡಿ: ಹೊರಡುವ ಮೊದಲು ಅಡುಗೆಮನೆಯ ಹೊತ್ತು ಕೇಳಿ

ನಮ್ಮ ಬೀದಿಯ ತುದಿಯಲ್ಲಿದ್ದ ಹಳೇ ಹಂಚಿನ ಮನೆಗೆ ಎರಡು ವರ್ಷದಿಂದ ಬೀಗ ಬಿದ್ದಿತ್ತು. ಕಳೆದ ಚಳಿಗಾಲದಲ್ಲಿ ಅದರ ಜಗಲಿಗೆ ಸುಣ್ಣಬಣ್ಣ ಆಯಿತು, ಅಂಗಳಕ್ಕೆ ನಾಲ್ಕು ಮರದ ಮೇಜು ಬಂತು, ಗೇಟಿನ ಪಕ್ಕ ಒಂದು ಸಣ್ಣ ಬೋರ್ಡು ನಿಂತಿತು. ಮಡಿಕೇರಿಯಲ್ಲಿ ಕೆಫೆಗಳಿಗೇನೂ ಬರ ಇಲ್ಲ. ಆದರೆ ಹೆಚ್ಚಿನವು ಪ್ರವಾಸಿಗರು ಓಡಾಡುವ ದಾರಿಯಲ್ಲಿವೆ. ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗುವಷ್ಟು ಹತ್ತಿರ ಒಂದು ಬಂದದ್ದು ಬೀದಿಯವರಿಗೆಲ್ಲ ಖುಷಿ. ಮೊದಲ ಭಾನುವಾರವೇ ಅಪ್ಪನನ್ನು ಕರೆದುಕೊಂಡು ಹೋದೆ, ಬೆಳಿಗ್ಗೆ ಹತ್ತು ಗಂಟೆಗೆ. ಕೂರಲು ಜಾಗ ಸಿಗುವಾಗ ಹತ್ತೂಕಾಲು ದಾಟಿತ್ತು. ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಮುಗಿದಿತ್ತು. ಹೇಳಿದ ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಮೇಜಿಗೆ ಬರುವಾಗ ಹನ್ನೊಂದು, ಅದೂ ತಣ್ಣಗಾಗಿ ಬಿರುಸಾಗಿತ್ತು. ಅಪ್ಪ ಅರ್ಧ ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು. ಎಪ್ಪತ್ತು ದಾಟಿದವರು, ಎಂಟು ಗಂಟೆಗೆ ತಿಂಡಿ ಮುಗಿಸಿ ಅಭ್ಯಾಸ. ಅವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿದ ಬೇಸರ ನನಗೆ ಇವತ್ತಿಗೂ ಹೋಗಿಲ್ಲ.

ನಾಲ್ಕು ವಾರ ಬಿಟ್ಟು ಒಂದು ಶನಿವಾರ ಎಂಟು ಗಂಟೆಗೆ ಮುಂಚೆ ಒಬ್ಬಳೇ ಹೋದೆ. ಅದೇ ಅಡುಗೆಮನೆ, ಅದೇ ಅಡುಗೆಯವರು. ಒಟ್ಟಿ ಉಬ್ಬಿಕೊಂಡೇ ತಟ್ಟೆಗೆ ಬಿತ್ತು. ಹರಿದರೆ ಒಳಗಿಂದ ಹಬೆ ಬಂತು. ಅಡುಗೆಯ ಅಕ್ಕನ ಹತ್ತಿರ ಮಾತಾಡಿದಾಗ ವಿಷಯ ತಿಳಿಯಿತು: ಒಲೆ ಎರಡು, ಕೈ ಎರಡು, ಭಾನುವಾರ ಹತ್ತು ಗಂಟೆಗೆ ನಲವತ್ತು ಜನ. ರುಚಿ ಕೆಟ್ಟಿದ್ದು ಅಡುಗೆಯಿಂದ ಅಲ್ಲ, ನಾನು ಹೋದ ಹೊತ್ತಿನಿಂದ. ಆ ಮೇಲೆ ಇಲ್ಲಿ, ವಿರಾಜಪೇಟೆಯಲ್ಲಿ, ಗೋಣಿಕೊಪ್ಪದಲ್ಲಿ, ಕುಶಾಲನಗರದಲ್ಲಿ ಹೊಸದಾಗಿ ತೆರೆದ ಹಲವು ಕಡೆ ತಿಂಡಿ ತಿಂದಿದ್ದೇನೆ. ಕಲಿತದ್ದನ್ನು ಹೋಗುವ ಕ್ರಮದಲ್ಲೇ ಬರೆಯುತ್ತೇನೆ.

ಯಾವ ವಾರ, ಯಾವ ದಿನ

ತೆರೆದ ಮೊದಲ ವಾರ ಹೋಗಬೇಡಿ. ಆ ವಾರ ನೆಂಟರು, ಗೆಳೆಯರು, ಫೋಟೋ ತೆಗೆಯುವವರು ತುಂಬಿರುತ್ತಾರೆ, ಕೆಲಸದವರಿಗೆ ಯಾವ ಮೇಜು ಯಾವುದು ಅಂತಲೇ ಇನ್ನೂ ಕೈಗೆ ಹತ್ತಿರುವುದಿಲ್ಲ. ಮೂರು ನಾಲ್ಕು ವಾರ ಬಿಡಿ. ಅಷ್ಟು ಹೊತ್ತಿಗೆ ಮೆನುವಿನಲ್ಲಿ ನಡೆಯದ ಐಟಂಗಳ ಮೇಲೆ ಗೀಟು ಬಿದ್ದಿರುತ್ತದೆ. ಆ ಗೀಟು ಕಂಡರೆ ನನಗೆ ಧೈರ್ಯ. ಅಡುಗೆಮನೆ ತನ್ನ ಕೈಲಿ ಆಗುವುದು ಯಾವುದು ಅಂತ ತಿಳಿದುಕೊಂಡಿದೆ ಅಂತ ಅರ್ಥ.

ಶನಿವಾರ ಬೆಳಿಗ್ಗೆ ಹೋಗಲು ಆದರೆ ಅದೇ ಒಳ್ಳೆಯದು. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ಅಲ್ಲಿಂದ ಬೆಳಿಗ್ಗೆ ಹೊರಟವರು ಮಡಿಕೇರಿ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಹಾಗಾಗಿ ಶನಿವಾರದ ಬೆಳಗು ಇನ್ನೂ ನಮ್ಮದೇ. ಭಾನುವಾರ ಹಾಗಲ್ಲ. ರಾತ್ರಿ ಹೋಂಸ್ಟೇಗಳಲ್ಲಿ ಉಳಿದವರು, ನಸುಕಿಗೆ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹೋಗಿ ಬಂದವರು, ಊರಿಗೆ ಹೊರಡುವ ಮುಂಚೆ ಒಂದು ಒಳ್ಳೆ ತಿಂಡಿ ತಿನ್ನಬೇಕು ಅಂದುಕೊಂಡವರು, ಎಲ್ಲರೂ ಒಂಬತ್ತರ ಮೇಲೆ ಒಟ್ಟಿಗೆ ಇಳಿಯುತ್ತಾರೆ. ಭಾನುವಾರವೇ ಆಗಬೇಕೆಂದರೆ ಎಂಟೂವರೆಗೆ ನಿಮ್ಮ ಕೈ ತಟ್ಟೆಯಲ್ಲಿರಬೇಕು. ಮೂರು ದಿನ ಸಾಲಾಗಿ ರಜೆ ಬಂದ ವಾರ, ಮಡಿಕೇರಿ ದಸರೆಯ ವಾರ, ಮನೆಯಲ್ಲೇ ತಿನ್ನಿ. ಗೋಣಿಕೊಪ್ಪದವರಿಗೆ ಭಾನುವಾರ ಸಂತೆಯೂ ಇರುವುದರಿಂದ ಗಾಡಿ ನಿಲ್ಲಿಸಲು ಜಾಗ ಸಿಗುವುದು ಬೆಳ್ಳಂಬೆಳಗ್ಗೆ ಮಾತ್ರ.

ಹಿಂದಿನ ಸಂಜೆ ಒಂದು ಫೋನ್

ಇದನ್ನು ಮಾತ್ರ ಬಿಡಬೇಡಿ. ಸಂಜೆ ಆರರ ಸುಮಾರಿಗೆ ಫೋನ್ ಮಾಡಿ. ಆ ಹೊತ್ತಿಗೆ ಅಡುಗೆಯವರು ನಾಳೆಗೆ ಅಕ್ಕಿ ನೆನೆಹಾಕುವ ಲೆಕ್ಕದಲ್ಲಿರುತ್ತಾರೆ.

ಮೊದಲ ಪ್ರಶ್ನೆ, ಅಡುಗೆಮನೆ ಎಷ್ಟು ಗಂಟೆಗೆ ಶುರುವಾಗುತ್ತದೆ? ‘ಎಷ್ಟಕ್ಕೆ ತೆರೀತೀರಿ’ ಅಂತ ಕೇಳಿದರೆ ‘ಏಳೂವರೆ’ ಅನ್ನುತ್ತಾರೆ. ಅದು ಬಾಗಿಲು ತೆರೆಯುವ ಹೊತ್ತು, ಗುಡಿಸಿ ಒರೆಸುವ ಹೊತ್ತು. ಒಲೆ ಹತ್ತುವುದು ಎಂಟಕ್ಕೆ ಇರಬಹುದು. ‘ಮೊದಲ ತಿಂಡಿ ಎಷ್ಟಕ್ಕೆ ಸಿಗುತ್ತೆ’ ಅಂತ ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಎರಡನೆಯದು, ನಾಳೆ ಏನೇನು ಮಾಡುತ್ತೀರಿ? ನಮ್ಮ ಕೊಡಗಿನ ಪುಟ್ಟುಗಳೆಲ್ಲ (ಅಕ್ಕಿಯ ತಿಂಡಿಗಳು) ಹಿಂದಿನ ದಿನವೇ ತಯಾರಿ ಬೇಡುವಂಥವು. ಕಡಂಬುಟ್ಟು ಅನ್ನುವ ಹಬೆಯಲ್ಲಿ ಬೇಯಿಸಿದ ಉಂಡೆಗೆ ಅಕ್ಕಿ ತರಿ ಆಗಬೇಕು. ಪಂದಿಕರಿ (ಹಂದಿ ಮಾಂಸದ ಕರಿ) ಹಿಂದಿನ ರಾತ್ರಿಯೇ ಮಾಡಿಟ್ಟರೆ ಮಸಾಲೆ ಮಾಂಸಕ್ಕೆ ಇಳಿಯುತ್ತದೆ. ಎಷ್ಟು ಪ್ಲೇಟು ಬೇಕು ಅಂತ ಹೇಳಿಬಿಟ್ಟರೆ ನಿಮಗಾಗಿ ತೆಗೆದಿಡುತ್ತಾರೆ. ಸಣ್ಣ ಕೆಫೆಗೂ ಇದು ದೊಡ್ಡ ಉಪಕಾರ, ಎಷ್ಟು ಮಾಡಬೇಕು ಅನ್ನುವ ಲೆಕ್ಕ ಸಿಗದೆ ಮಿಕ್ಕಿದ್ದನ್ನು ಚೆಲ್ಲುವುದೇ ಹೊಸಬರ ದೊಡ್ಡ ನಷ್ಟ. ಹೇಳಿದ ಮೇಲೆ ಹೋಗಬೇಕು. ಹೋಗಲು ಆಗದಿದ್ದರೆ ಬೆಳಿಗ್ಗೆ ಏಳಕ್ಕೆ ಮುಂಚೆ ತಿಳಿಸಿ.

ಮೂರನೆಯದು ನಿಮ್ಮ ಜೊತೆ ಬರುವವರ ವಿಷಯ. ವಯಸ್ಸಾದವರಿದ್ದರೆ ಮೆಟ್ಟಿಲು ಎಷ್ಟು, ಶೌಚಾಲಯ ಒಳಗಿದೆಯಾ ಹಿತ್ತಲಲ್ಲಿದೆಯಾ ಕೇಳಿ. ಮಡಿಕೇರಿಯ ಮನೆಗಳೆಲ್ಲ ಇಳಿಜಾರಲ್ಲಿ ಕಟ್ಟಿದವು, ರಸ್ತೆಯಿಂದ ನೋಡಿದರೆ ಸಮತಟ್ಟು ಅನ್ನಿಸಿದ್ದು ಒಳಗೆ ಹನ್ನೆರಡು ಮೆಟ್ಟಿಲು ಇಳಿಸುತ್ತದೆ. ಹಂದಿ ಮಾಂಸ ತಿನ್ನದವರು, ಮಾಂಸವನ್ನೇ ಮುಟ್ಟದವರು ಜೊತೆಗಿದ್ದರೆ ಆಗಲೇ ಹೇಳಿಬಿಡಿ. ಬೇರೆ ಸೌಟು, ಬೇರೆ ಪಾತ್ರೆ ಇಡಲು ಅವರಿಗೂ ಸಮಯ ಬೇಕು. ತುಂಬಿದ ಅಡುಗೆಮನೆಯಲ್ಲಿ ನಿಂತು ಕೇಳಿದರೆ ‘ಆಯ್ತು’ ಅನ್ನುತ್ತಾರೆ, ಮಾಡಲು ಆಗುವುದಿಲ್ಲ.

ಹೊರಡುವಾಗ

ಹತ್ತಿರವಿದ್ದರೆ ನಡೆದು ಹೋಗಿ. ಗಾಡಿ ತೆಗೆದುಕೊಂಡು ಹೋದರೂ ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲಿಸಬೇಡಿ. ಎಷ್ಟೋ ಕೆಫೆಗಳ ಮೇಲೆ ಅಕ್ಕಪಕ್ಕದವರ ಸಿಟ್ಟು ಶುರುವಾಗುವುದೇ ಇಲ್ಲಿಂದ.

ಜೇಬಿನಲ್ಲಿ ಐನೂರು ರೂಪಾಯಿ ನಗದು ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ಯಾವಾಗಲೂ ಇದ್ದದ್ದೇ, ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಕ್ಯೂಆರ್ ಕೋಡ್ ಎದುರಿಗೇ ಇರುತ್ತದೆ, ದುಡ್ಡು ಹೋಗುವುದಿಲ್ಲ. ಮಳೆಗಾಲದಲ್ಲಿ ಅಂಗಳದ ಮೇಜು ಚೆಂದ ಅಂತ ಆಸೆಪಡಬೇಡಿ. ಮಂಜು ಇಳಿದರೆ ಐದು ನಿಮಿಷದಲ್ಲಿ ಕರಿ ತಣ್ಣಗಾಗಿ ಮೇಲೆ ಕೊಬ್ಬು ಕಟ್ಟುತ್ತದೆ. ಒಳಗೆ, ಅಡುಗೆಮನೆಗೆ ಹತ್ತಿರದ ಮೇಜು ಕೇಳಿ.

ಒಳಗೆ ಹೋದ ಮೇಲೆ, ಕೂರುವ ಮೊದಲು

ಕೈ ತೊಳೆಯುವ ಜಾಗಕ್ಕೆ ಹೋಗಿ ಬನ್ನಿ. ಅಲ್ಲಿ ಸೋಪು ಇದೆಯಾ, ನೆಲ ಒಣಗಿದೆಯಾ ನೋಡಿ. ಅಡುಗೆಮನೆ ಹೇಗಿರಬಹುದು ಅನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ. ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಅಥವಾ ನೋಂದಣಿ ಪತ್ರ ತೂಗುಹಾಕಿರಬೇಕು, 14 ಅಂಕಿಯ ನಂಬರಿರುತ್ತದೆ. 2022ರ ಜನವರಿಯಿಂದ ಆ ನಂಬರು ಬಿಲ್ಲಿನ ಮೇಲೂ ಇರಬೇಕು ಅಂತ ನಿಯಮ.

ಆಮೇಲೆ ಮೆನು. ಎರಡು ಒಲೆಯ ಅಡುಗೆಮನೆಯಿಂದ ಅರುವತ್ತು ಬಗೆ ತಿಂಡಿ ಬರುವುದಾದರೆ ಅದರಲ್ಲಿ ಹೆಚ್ಚಿನದು ಫ್ರೀಜರಿನಿಂದಲೇ ಬರಬೇಕು. ಸಣ್ಣ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಇವತ್ತು’ ಅಂತ ಬರೆದು ಐದಾರು ಹೆಸರು ಇದ್ದರೆ ಅಲ್ಲಿ ನಿಶ್ಚಿಂತೆಯಿಂದ ಕೂರಬಹುದು. ಅಕ್ಕಪಕ್ಕದ ಮೇಜಿನಲ್ಲಿ ಯಾರಿದ್ದಾರೆ ಅಂತಲೂ ನೋಡುತ್ತೇನೆ. ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು, ಆಟೋದವರು, ವಾಕಿಂಗ್ ಮುಗಿಸಿದ ನಿವೃತ್ತ ಮೇಷ್ಟ್ರು ಇದ್ದರೆ ಬೆಲೆಯೂ ರುಚಿಯೂ ಊರಿನವರಿಗೆ ಒಗ್ಗಿದೆ ಅಂತ ಲೆಕ್ಕ.

ಏನು ತರಿಸಬೇಕು

ನನ್ನ ಕ್ರಮ ಹೀಗೆ: ನಮ್ಮ ಮನೆಯಲ್ಲಿ ಮಾಡುವ ತಿಂಡಿ ಒಂದು, ಆ ಕೆಫೆಯವರು ತಮ್ಮದು ಅಂತ ಹೆಮ್ಮೆಪಡುವ ತಿಂಡಿ ಒಂದು. ಮೊದಲನೆಯದರ ರುಚಿ ನಾಲಿಗೆಗೆ ಗೊತ್ತಿರುವುದರಿಂದ ಅಳೆಯಲು ಸುಲಭ. ಎಲ್ಲವನ್ನೂ ಒಂದೇ ಸಲ ಹೇಳಬೇಡಿ. ನಾಲ್ಕು ಜನಕ್ಕೆ ಎಂಟು ತಟ್ಟೆ ಒಟ್ಟಿಗೆ ಬಂದರೆ ನಾಲ್ಕು ತಣ್ಣಗಾಗುತ್ತವೆ. ಎರಡು ಸುತ್ತಿನಲ್ಲಿ ಹೇಳಿ.

ಹೊತ್ತು ನೋಡಿ ಆರಿಸಿ. ಬೇಗ ಹೋದರೆ ನೂಪುಟ್ಟು, ಅಕ್ಕಿ ಒಟ್ಟಿ. ಇವೆರಡೂ ಒಲೆಯಿಂದ ನೇರ ತಟ್ಟೆಗೆ ಬೀಳಬೇಕಾದವು. ತಡವಾದರೆ ಕಡಂಬುಟ್ಟು ಅಥವಾ ಪಾಪುಟ್ಟು. ಕಡಂಬುಟ್ಟು ಹಬೆ ಪಾತ್ರೆಯಲ್ಲೇ ಮೆತ್ತಗೆ ಉಳಿಯುತ್ತದೆ. ಪಾಪುಟ್ಟಿನಲ್ಲಿ ತರಿಯ ಜೊತೆ ಹಾಲು, ತೆಂಗಿನತುರಿ ಇರುವುದರಿಂದ ಒಂದು ಗಂಟೆ ಕಳೆದರೂ ಗಂಟಲಿಗೆ ಒಣ ಅನ್ನಿಸುವುದಿಲ್ಲ. ಆ ಮೊದಲ ಭಾನುವಾರ ಇಷ್ಟು ಗೊತ್ತಿದ್ದಿದ್ದರೆ ಅಪ್ಪನಿಗೆ ಪಾಪುಟ್ಟು ಹೇಳುತ್ತಿದ್ದೆ.

ನೂಪುಟ್ಟಿನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಅಡುಗೆಯವರ ಕೈ ಗೊತ್ತಾಗುವುದೇ ಇದರಲ್ಲಿ. ನಮ್ಮ ಮನೆಯಲ್ಲಿ ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ಗೊಟಾಯಿಸಿ, ಉಂಡೆ ಕಟ್ಟಿ, ಬೇಯಿಸಿ, ಹಬೆ ಆಡುತ್ತಿರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತುತ್ತಾರೆ. ಒಂದು ನಿಮಿಷ ತಡವಾದರೆ ಉಂಡೆ ಬಿಗಿದುಕೊಳ್ಳುತ್ತದೆ, ಹಿಡಿ ಇಳಿಯುವುದಿಲ್ಲ, ಅವ್ವ ಇಡೀ ಮೈಭಾರ ಹಾಕಿದರೂ ಎಳೆ ತುಂಡುತುಂಡಾಗಿ ಬೀಳುತ್ತದೆ. ಮೇಜಿಗೆ ಬಂದ ನೂಪುಟ್ಟನ್ನು ಒಂದು ಅಂಚಿನಿಂದ ಎರಡು ಬೆರಳಲ್ಲಿ ಎತ್ತಿ ನೋಡಿ. ತೆಳು ಬಟ್ಟೆ ಎತ್ತಿದ ಹಾಗೆ ಒಟ್ಟಿಗೆ ಬರಬೇಕು, ಆದರೂ ಎಳೆ ಎಳೆ ಬೇರೆ ಕಾಣಬೇಕು. ಅಂಟು ಮುದ್ದೆಯಾಗಿದ್ದರೆ ನೀರು ಹೆಚ್ಚಾಗಿದೆ. ಬೆರಳಿಗೆ ಪುಡಿಯಾಗಿ ಉದುರಿದರೆ ಆರಿದ ಮೇಲೆ ಒತ್ತಿದ್ದು, ಇಲ್ಲವೇ ನಿನ್ನೆಯದು. ಕೋಳಿಕರಿ ಸ್ವಲ್ಪ ತೆಳ್ಳಗಿರಬೇಕು, ಎಳೆಗಳ ನಡುವೆ ಇಳಿದು ತಟ್ಟೆಯ ತಳ ಮುಟ್ಟಬೇಕು. ಗಟ್ಟಿ ಗ್ರೇವಿ ಮೇಲೆಯೇ ಕೂತುಬಿಡುತ್ತದೆ. ಮಕ್ಕಳಿಗೆ ತೆಂಗಿನಹಾಲು, ಬೆಲ್ಲ ಹಾಕಿ ಕೊಡುತ್ತೀರಾ ಅಂತ ಕೇಳಿ, ಮೆನುವಿನಲ್ಲಿ ಇಲ್ಲದಿದ್ದರೂ ಹೆಚ್ಚಿನ ಕಡೆ ಮಾಡಿಕೊಡುತ್ತಾರೆ.

ಅಕ್ಕಿ ಒಟ್ಟಿಯ ಜೊತೆ ಎಳ್ಳ್ ಪಜ್ಜಿ (ಎಳ್ಳಿನ ಚಟ್ನಿ) ಇದೆಯಾ ಕೇಳಿ. ಇದ್ದರೆ ಆ ಅಡುಗೆಮನೆಯಲ್ಲಿ ಈ ಊರಿನ ಯಾರೋ ಇದ್ದಾರೆ. ಒಳ್ಳೆ ಒಟ್ಟಿಯಲ್ಲಿ ಅನ್ನ ನಾದಿ ಸೇರಿಸಿರುತ್ತಾರೆ, ಬರೀ ಹಿಟ್ಟಿನದ್ದಾದರೆ ಬೇಗ ಬಿರುಸಾಗುತ್ತದೆ. ತುಪ್ಪ, ಜೇನು ಜೊತೆಗಿದ್ದರೆ ಸಕ್ಕರೆ ಚಟ್ನಿ ಏನೂ ಬೇಡ.

ಪಂದಿಕರಿಯ ಬಣ್ಣ ಕಪ್ಪಿಗೆ ಹತ್ತಿರವಿರಬೇಕು. ಕೊತ್ತಂಬರಿ, ಜೀರಿಗೆ, ಕಾಳುಮೆಣಸನ್ನು ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿದ್ದರಿಂದ ಬರುವ ಬಣ್ಣ ಅದು, ಕೊನೆಗೆ ಸೇರುವ ಕಾಚಂಪುಳಿಯಿಂದಲೂ ಬರುತ್ತದೆ. ಪಣಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕಾಕಂಬಿಯ ಹದಕ್ಕೆ ತಂದದ್ದು ಕಾಚಂಪುಳಿ. ವಿನೆಗರ್ ಹಾಕಿದ್ದರೆ ಹುಳಿ ಮೊದಲು ಮೂಗಿಗೆ ಬರುತ್ತದೆ, ಕಾಚಂಪುಳಿಯದ್ದು ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಉಳಿಯುತ್ತದೆ. ಬೆಳಿಗ್ಗೆಯ ಹೊಟ್ಟೆಗೆ ಇಬ್ಬರಿಗೆ ಒಂದು ಪ್ಲೇಟ್ ಸಾಕು. ಕೊಬ್ಬು ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೆಂದಿರಬೇಕು, ಮಾಂಸದ ನಡುವೆ ಗುಲಾಬಿ ಬಣ್ಣ ಕಂಡರೆ ವಾಪಸು ಕೊಡಿ. ಹಂದಿ ಮಾಂಸದಲ್ಲಿ ಅರೆಬೆಂದದ್ದು ಬೇಡವೇ ಬೇಡ.

ಕಾಲ ನೋಡಿ ಕೇಳುವುದೂ ಒಂದು ಖುಷಿ. ಜುಲೈ, ಆಗಸ್ಟ್‌ನಲ್ಲಿ ಕಣಿಲೆ, ಅಂದರೆ ಬಿದಿರಿನ ಮೊಳಕೆ, ಬರುತ್ತದೆ, ನಾವು ಬೈಂಬಳೆ ಅನ್ನುವುದು ಅದನ್ನೇ. ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿದ ಮೇಲೆಯೇ ಅಡುಗೆಗೆ ಹಾಕಬೇಕು, ಹಸಿಯಾಗಿ ಹಾಕಿದರೆ ಹೊಟ್ಟೆಗೆ ವಿಷ. ಆದ್ದರಿಂದ ‘ಎಷ್ಟು ದಿನ ನೆನೆಸಿದ್ದೀರಿ’ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಮದ್ದು ಸೊಪ್ಪಿನ ಪಾಯಸ ಮಾಡುವ ಕೆಫೆಗಳಿದ್ದರೆ ಎರಡು ದಿನ ಮೊದಲೇ ಹೇಳಿಡಿ. ಹೊಸ ಕೆಫೆಗಳಲ್ಲಿ ಅವಕಾಡೊ ಟೋಸ್ಟ್ ಅಂತ ಬರೆದಿರುತ್ತಾರಲ್ಲ, ಅದು ನಮ್ಮ ತೋಟದ ಬೆಣ್ಣೆಹಣ್ಣೇ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅದರ ತಳಿಗಳ ಮೇಲೆ ಕೆಲಸ ನಡೆಯುತ್ತಿದೆ. ಮಳೆಗಾಲದಲ್ಲಿ ಹಣ್ಣು ಇಲ್ಲೇ ಸಿಗುವಾಗ ತಿನ್ನಿ, ಆಗ ರುಚಿಯೂ ಇರುತ್ತದೆ, ಹತ್ತಿರದ ತೋಟದವರಿಗೆ ನಾಲ್ಕು ಕಾಸೂ ಆಗುತ್ತದೆ. ವಿರಾಜಪೇಟೆಯ ಕಡೆ ಹೋದರೆ ಕೇರಳದ ಗಾಳಿ ಇರುತ್ತದೆ, ಪುಟ್ಟು ಕಡಲೆ ಕರಿ ಚೆನ್ನಾಗಿ ಮಾಡುತ್ತಾರೆ. ಕುಶಾಲನಗರದಲ್ಲಿ ಬೈಲುಕುಪ್ಪೆ ಹತ್ತಿರವಾದ್ದರಿಂದ ಕೆಲವರು ಬೆಳಿಗ್ಗೆಯೇ ಟಿಬೆಟಿಯನ್ ಬ್ರೆಡ್ಡು ಇಡುತ್ತಾರೆ.

ಕಾಫಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು. ಮನೆಯ ಹಿತ್ತಲಲ್ಲೇ ಕಾಫಿ ಗಿಡ ಇದ್ದವರು ನಾವು. ಆದರೂ ಒಳ್ಳೆಯ ಬೇಳೆ ಮೂಟೆ ಕಟ್ಟಿ ಹೊರಗೆ ಹೋಗುತ್ತಿತ್ತು, ಮಿಕ್ಕಿದ್ದನ್ನು ಹುರಿದು ಚಿಕೋರಿ ಬೆರೆಸಿ ಕುಡಿದು ಬೆಳೆದೆವು. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈಗ ನಮ್ಮ ಬೀದಿಯ ಕೆಫೆಯಲ್ಲಿ, ಎರಡು ಗುಡ್ಡದ ಆಚೆಯ ತೋಟದ ಬೇಳೆಯನ್ನು ಇಲ್ಲೇ ಹುರಿದು, ಇಲ್ಲೇ ಪುಡಿ ಮಾಡಿ ಕೊಡುತ್ತಾರೆ. ಇದು ನನಗೆ ಸಣ್ಣ ವಿಷಯ ಅಲ್ಲ.

ಕೇಳಬೇಕಾದದ್ದು: ಯಾವ ತೋಟದ್ದು, ಅರೇಬಿಕಾನೋ ರೋಬಸ್ಟಾನೋ, ಯಾವಾಗ ಹುರಿದದ್ದು, ಚಿಕೋರಿ ಇದೆಯಾ. ಹುರಿದು ಎರಡು ಮೂರು ವಾರದ ಒಳಗಿನದ್ದಾದರೆ ಪರಿಮಳ ಉಳಿದಿರುತ್ತದೆ. ಚಿಕೋರಿ ಬೆರೆತದ್ದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅದರ ಗಟ್ಟಿ ಬಣ್ಣ, ಕಹಿ ಕೆಲವರಿಗೆ ಬೇಕು. ಎಷ್ಟು ಅಂತ ಗೊತ್ತಿರಲಿ, ಅಷ್ಟೇ. ಮಾರುವ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು. ವಯಸ್ಸಾದವರಿಗೆ, ನಿದ್ದೆ ಸರಿ ಬಾರದವರಿಗೆ ಅರೇಬಿಕಾ ಒಳ್ಳೆಯದು. ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ರೋಬಸ್ಟಾ ಅಂದರೆ ಕೀಳು ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಹಣ್ಣಾದದ್ದನ್ನೇ ಆರಿಸಿ ಕುಯ್ದು, ಸರಿಯಾಗಿ ಒಣಗಿಸಿದ ರೋಬಸ್ಟಾ ಹಾಲಿನ ಜೊತೆ ಗಟ್ಟಿಯಾಗಿ ನಿಲ್ಲುವ ಹಾಗೆ ಇನ್ನೊಂದು ನಿಲ್ಲುವುದಿಲ್ಲ.

ಬಾಗಿಲು ತೆರೆದ ತಕ್ಷಣ ಹೋದರೆ ಮೆಷಿನ್ ಕಾಫಿ ಹೇಳಬೇಡಿ. ಎಸ್‌ಪ್ರೆಸೊ ಮೆಷಿನ್ ಒಳಗಿಂದ ಸರಿಯಾಗಿ ಕಾಯಲು ಅರ್ಧ ಗಂಟೆ ಬೇಕು, ಮೊದಲ ಎರಡು ಕಪ್ಪು ಹುಳಿಯಾಗಿ ಬರುವುದು ಅದಕ್ಕೇ. ಆ ಹೊತ್ತಿಗೆ ಫಿಲ್ಟರ್ ಕಾಫಿ ಹೇಳಿ. ಕರೆಂಟು ಹೋದಾಗಲೂ ಇದೇ, ಸಣ್ಣ ಇನ್ವರ್ಟರ್ ಲೈಟು ಉರಿಸುತ್ತದೆ, ಆ ಮೆಷಿನ್ ಎಳೆಯುವಷ್ಟು ಶಕ್ತಿ ಅದಕ್ಕಿಲ್ಲ. ಫಿಲ್ಟರಿಗೆ ಬಿಸಿನೀರು ಇದ್ದರೆ ಸಾಕು.

ಫಿಲ್ಟರ್ ಕಾಫಿ ಹೇಳುವಾಗ ಡಿಕಾಕ್ಷನ್ ಈಗಿನದಾ ಅಂತ ಕೇಳಿ. ಸಾಧ್ಯವಾದರೆ ಒಂದು ಚಮಚ ಡಿಕಾಕ್ಷನ್ ಬರಿದೇ ತರಿಸಿ, ಗಾಜಿನ ಲೋಟದಲ್ಲಿ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು ಕಾಣಬೇಕು, ಲೋಟ ವಾಲಿಸಿದರೆ ಗಾಜಿನ ಮೇಲೆ ನಿಧಾನ ಇಳಿಯಬೇಕು. ಮತ್ತೆ ಮತ್ತೆ ಬಿಸಿ ಮಾಡಿದ ಡಿಕಾಕ್ಷನ್ ಮಂಕು ಕಪ್ಪಾಗಿರುತ್ತದೆ, ಮೂಗಿಗೆ ಸುಟ್ಟ ವಾಸನೆ ಹೊಡೆಯುತ್ತದೆ. ಇದನ್ನು ಒಮ್ಮೆ ನೋಡಿದವರಿಗೆ ಮುಂದೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಪಂದಿಕರಿ ತಿಂದ ಮೇಲೆ ಹಾಲು ಬೇಡ ಅನ್ನಿಸಿದರೆ ಬೆಲ್ಲದ ಕಾಫಿ ಇದೆಯಾ ಕೇಳಿ. ಬೆಲ್ಲ ಕುದಿಸಿದ ನೀರಿಗೆ ಪುಡಿ ಹಾಕಿ ಸೋಸಿದ ಕರಿಕಾಫಿ ಅದು, ಅಜ್ಜಿಯರ ಕಾಲದಿಂದ ಬಂದದ್ದು. ಹತ್ತು ಜನ ಕೇಳಿದರೆ ಹನ್ನೊಂದನೆಯ ದಿನ ಮೆನುವಿಗೆ ಬರುತ್ತದೆ.

ಸರಿ ಬರದಿದ್ದರೆ

ಆಗಲೇ ಹೇಳಿ, ಮೆತ್ತಗೆ ಹೇಳಿ. ‘ಅಕ್ಕ, ಒಟ್ಟಿ ತಣ್ಣಗಿದೆ, ಬಿಸಿದು ಒಂದು ಹಾಕಿಕೊಡ್ತೀರಾ?’ ಇಷ್ಟು ಸಾಕು. ಅರ್ಧ ತಿಂದು ತಟ್ಟೆ ಸರಿಸಿ ಸುಮ್ಮನೆ ಎದ್ದು ಬಂದರೆ, ಅವತ್ತು ನಾವು ಬಂದ ಹಾಗೆ, ಅವರಿಗೆ ಏನಾಯಿತು ಅಂತ ತಿಳಿಯುವುದೇ ಇಲ್ಲ. ಬಡಿಸುವ ಹುಡುಗರ ಮೇಲೆ ಕೂಗಾಡಬೇಡಿ, ಒಲೆಯ ಮುಂದೆ ನಡೆದದ್ದು ಅವರ ಕೈಯಲ್ಲಿಲ್ಲ. ಕೂದಲೋ, ಹುಳವೋ ಸಿಕ್ಕಿದರೆ ಯಜಮಾನರನ್ನು ಕರೆದು ತೋರಿಸಿ, ಆ ತಟ್ಟೆಯ ದುಡ್ಡು ಕೊಡಬೇಕಾಗಿಲ್ಲ.

ಬಿಲ್ಲು

ಜಿಎಸ್‌ಟಿ ಶೇ 5, ಅಂದರೆ ಕೇಂದ್ರದ್ದು ಎರಡೂವರೆ, ರಾಜ್ಯದ್ದು ಎರಡೂವರೆ. ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರಿರಬೇಕು. ಸಣ್ಣ ಕೆಫೆಗಳು ಕಾಂಪೊಸಿಷನ್ ಪದ್ಧತಿಯಲ್ಲಿ (ಒಟ್ಟು ವಹಿವಾಟಿನ ಮೇಲೆ ತಾವೇ ನಿಗದಿತ ದರದ ತೆರಿಗೆ ಕಟ್ಟುವುದು) ನೋಂದಣಿ ಮಾಡಿಸಿಕೊಂಡಿದ್ದರೆ ಗಿರಾಕಿಯಿಂದ ತೆರಿಗೆ ಬೇರೆಯಾಗಿ ವಸೂಲು ಮಾಡುವ ಹಾಗಿಲ್ಲ. ಸರ್ವಿಸ್ ಚಾರ್ಜ್ ಅಂತ ತಾವಾಗಿ ಸೇರಿಸಿದ್ದರೆ ತೆಗೆಸಬಹುದು, 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ಬಲವಂತವಾಗಿ ಸೇರಿಸಬಾರದು ಅಂತ ಮಾರ್ಗಸೂಚಿ ಹೊರಡಿಸಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ನನಗೆ ಇಲ್ಲಿ ಆ ನಂಬರಿಗೆ ಫೋನ್ ಮಾಡುವ ಸಂದರ್ಭ ಬಂದಿಲ್ಲ, ಕೇಳಿದರೆ ತೆಗೆಯುತ್ತಾರೆ. ತಿಂಡಿ ಚೆನ್ನಾಗಿದ್ದರೆ ಬಡಿಸಿದವರ ಕೈಗೇ ಇಪ್ಪತ್ತೋ ಐವತ್ತೋ ಕೊಡಿ, ಅಡುಗೆಯವರಿಗೂ ಪಾಲು ಹೋಗುತ್ತಾ ಅಂತ ಕೇಳಿ ಕೊಡಿ.

ಎರಡನೇ ಸಲ

ಒಂದು ಸಲ ಹೋಗಿ ಸ್ಟಾರ್ ಕೊಡಬೇಡಿ. ನಾನು ಮೊದಲ ಭಾನುವಾರ ಬರೆದಿದ್ದರೆ ಒಂದು ಸ್ಟಾರ್ ಬರೆಯುತ್ತಿದ್ದೆ, ಅದು ಆ ಅಕ್ಕನಿಗೆ ಅನ್ಯಾಯ ಆಗುತ್ತಿತ್ತು. ಬೇರೆ ದಿನ, ಬೇರೆ ಹೊತ್ತಿಗೆ ಇನ್ನೊಮ್ಮೆ ಹೋಗಿ, ಆಮೇಲೆ ಬರೆಯಿರಿ. ಬರೆಯುವಾಗ ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ ಅಂತ ಬರೆಯಿರಿ, ಓದುವವರಿಗೆ ಬೇಕಾದದ್ದು ಅದೇ.

ಎಂಟೂವರೆಯಿಂದ ಹತ್ತೂವರೆವರೆಗೆ ಒಂದೇ ಕಾಫಿಗೆ ಲ್ಯಾಪ್‌ಟಾಪ್ ಬಿಡಿಸಿಕೊಂಡು ಕೂರಬೇಡಿ. ನಾಲ್ಕು ಮೇಜಿನ ಕೆಫೆಗೆ ವಾರದ ದುಡಿಮೆ ಆ ಎರಡು ಗಂಟೆಯಲ್ಲೇ ಇದೆ. ಬುಧವಾರ ಮಧ್ಯಾಹ್ನ ಹೋಗಿ, ಬೇಕಾದಷ್ಟು ಹೊತ್ತು ಕೂರಿ, ಅವರಿಗೂ ಖುಷಿ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದಾಗ ಹೊಸ ಕೆಫೆಗಳು ಮುಚ್ಚಿದ್ದನ್ನು ನೋಡಿದ್ದೇನೆ. ನಮ್ಮ ಬೀದಿಯದ್ದು ಉಳಿಯಬೇಕು ಅಂತ ನನಗೆ ಆಸೆ ಇದೆ. ಅದಕ್ಕೆ ಜುಲೈಯಲ್ಲಿ ಕೊಡೆ ಹಿಡಿದುಕೊಂಡು ಹೋಗುವುದೂ ನಮ್ಮ ಕೆಲಸವೇ.

ಹೋಗಲು ಆಗದ ದಿನ ಪಾರ್ಸೆಲ್ ತರಬಹುದು, ಆದರೆ ಮನೆಯ ಸ್ಟೀಲ್ ಕ್ಯಾರಿಯರ್ ತೆಗೆದುಕೊಂಡು ಹೋಗಿ. ಬಿಸಿ ನೂಪುಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವರಿ ಅಂಟಾಗುತ್ತದೆ. ಕ್ಯಾರಿಯರಿನ ತಳಕ್ಕೆ ಬಾಡಿಸಿದ ಬಾಳೆಲೆ ಹಾಸಿ, ನೂಪುಟ್ಟನ್ನು ಒಂದರ ಮೇಲೊಂದು ಒತ್ತದೆ ಇಡಿಸಿ, ಮುಚ್ಚಳದ ಕೆಳಗೆ ತೆಳ್ಳನೆಯ ಬಟ್ಟೆ ಹಾಕಿ. ಹಬೆಯ ನೀರನ್ನು ಬಟ್ಟೆ ಹೀರಿಕೊಳ್ಳುತ್ತದೆ. ಕರಿ ಬೇರೆ ಡಬ್ಬಿಯಲ್ಲೇ ಇರಬೇಕು, ತಟ್ಟೆಗೆ ಹಾಕಿದ ಮೇಲೆಯೇ ಸುರಿಯಬೇಕು. ಮಳೆ ಜೋರಿದ್ದಾಗ ಅಪ್ಪ ಈಗ ಮನೆಯಿಂದ ಇಳಿಯುವುದಿಲ್ಲ. ಶನಿವಾರ ಏಳೂಮುಕ್ಕಾಲಿಗೆ ನಾನು ಕ್ಯಾರಿಯರ್ ಹಿಡಿದು ಹೊರಡುವಾಗ ‘ಪಾಪುಟ್ಟು ಇದ್ರೆ ಅದೂ ಎರಡು ತಾ’ ಅನ್ನುತ್ತಾರೆ. ವಾಪಸು ಬರುವಷ್ಟರಲ್ಲಿ ಎಂಟು ಗಂಟೆ, ಅವರು ಕೈ ತೊಳೆದು ಕೂತಿರುತ್ತಾರೆ.